ಕಾರು ತಳ್ಳಿದ ಚಳಿಗಾಲ

ಕಾರು ತನ್ನ ಕಾಯಿಲೆಯನ್ನು ತಾನೇ ಬಾಯಿಬಿಟ್ಟು ಹೇಳದಿದ್ದ ಕಾಲವದು. ಈಗಿನ ಗಾಡಿಗಳಲ್ಲಿ ಒಂದು ಬಾಗಿಲು ಸರಿಯಾಗಿ ಹಾಕದಿದ್ದರೂ ಎದುರಿನ ಪರದೆಯ ಮೇಲೆ ಚಿತ್ರ ಮೂಡುತ್ತದೆ, ಕೂಗಿ ಕೂಗಿ ಪ್ರಾಣ ತಿನ್ನುತ್ತದೆ. ಆಗ ಹಾಗಲ್ಲ. ಕಾರು ಮುನಿಸಿಕೊಂಡಿತೆಂದರೆ ಮುನಿಸಿಕೊಂಡಿತು. ಯಾಕೆ ಎಂದು ನಾವೇ ಊಹಿಸಬೇಕು. ನಾನು ಎರಡನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ನಮ್ಮ ಮನೆಯವರೆಲ್ಲ ಸೇರಿ ಊಹಿಸಿದ್ದೇ ಊಹಿಸಿದ್ದು.

ನಾವಿದ್ದುದು ಡಮ್ ಡಮ್‌ನ ಒಂದು ಗಲ್ಲಿಯಲ್ಲಿ, ನೆಲಮಾಳಿಗೆಗಿಂತ ಒಂದೇ ಮೆಟ್ಟಿಲು ಮೇಲಿದ್ದಂಥ ಬಾಡಿಗೆ ಮನೆ. ಅಪ್ಪ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ದಕ್ಷಿಣೇಶ್ವರದ ಹತ್ತಿರ ದೊಡ್ಡಪ್ಪ ನಡೆಸುತ್ತಿದ್ದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಅಲ್ಲೇ ನಿಂತು ಕೂದಲು ನರೆಯುವ ಹೊತ್ತಿಗೆ ಅವರಿಗೊಂದು ಸ್ವಂತ ಕೆಲಸ ಸಿಕ್ಕಿತು. ಸದರ್ನ್ ಅವೆನ್ಯೂ ಕಡೆ, ನಮ್ಮ ಕಡೆಯ ಹುಡುಗರೇ ಹೆಚ್ಚಾಗಿ ಉಳಿದುಕೊಂಡಿದ್ದ ಒಂದು ಮೆಸ್ಸಿಗೆ ದಿನಾ ಬೆಳಿಗ್ಗೆ ತಿಂಡಿ. ಏಳು ಗಂಟೆಗೆ ಇಡ್ಲಿ ಸಾಂಬಾರು ಅಲ್ಲಿರಬೇಕು. ಅದಕ್ಕೆಂದೇ ಅಪ್ಪ ಹಳೇ ಕಾರು ಕೊಂಡರು, ಅದಕ್ಕೆಂದೇ ಹೋಟೆಲು ಬಿಟ್ಟರು.

"ಇಡ್ಲಿಗೆ ಕಾರು ಎಂತಕ್ಕೆ ಮಾರಾಯ? ಅದೆಂತ ದಿಬ್ಬಣ ಹೋಗ್ತದಾ?" ಎಂದರು ದೊಡ್ಡಪ್ಪ, ಗಲ್ಲಾದ ಹಿಂದೆ ಕೂತು ಬೀಡಾ ಮಡಚುತ್ತ. ಆಮೇಲೆ ತಗ್ಗಿದ ದನಿಯಲ್ಲಿ, "ಆಗದಿದ್ರೆ ಕಾವಲಿ ಇಲ್ಲೇ ಉಂಟು. ಯಾರೂ ಹೊತ್ಕೊಂಡು ಹೋಗುದಿಲ್ಲ" ಎಂದರು. ಆ 'ಆಗದಿದ್ರೆ' ಎಂಬ ಮಾತು ಅಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಆಗಲೇಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ.

ಈಗ ನಾನು ಮೂರು ವ್ಯಾನುಗಳ ಒಡತಿ. ಇದೇ ಊರಿನಲ್ಲಿ ಮದುವೆ ಮುಂಜಿಗಳ ಅಡುಗೆ ವಹಿಸಿಕೊಳ್ಳುತ್ತೇನೆ. ಮೂರೂ ಹಳೆಯ ಗಾಡಿಗಳೇ, ಮೂರನ್ನೂ ನಾನೇ ಚೌಕಾಸಿ ಮಾಡಿ ತಂದದ್ದು. ಆದ್ದರಿಂದ ಹಳೇ ಗಾಡಿ ನೋಡಲು ಹೊರಟವರಿಗೆ ಕೇಳದೆಯೇ ಹೇಳುತ್ತೇನೆ: ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆ ಯಾರೋ ಅದನ್ನು ಎಬ್ಬಿಸಿ ಕೂರಿಸಿದ್ದಾರೆ. ಚಹಾ ಕುಡಿದು ಹೊರಟುಬಿಡಿ, ಇನ್ನೊಂದು ದಿನ ಹೇಳದೆ ಹೋಗಿ. ಅಪ್ಪನಿಗೆ ಇದನ್ನು ಹೇಳುವವರು ಇರಲಿಲ್ಲ. ಅವರು ಮುಟ್ಟಿ ನೋಡಿದ್ದು ಸೀಟಿನ ಬಟ್ಟೆಯನ್ನು.

ಆದರೂ ನ್ಯಾಯ ಹೇಳಬೇಕು, ಮಾರಿದವನ ತಪ್ಪು ದೊಡ್ಡದೇನಲ್ಲ. ಎಡಕ್ಕೆ ತಿರುಗಿಸಿದರೆ ಹಾರನ್ ತಾನಾಗಿ ಬಡಿದುಕೊಳ್ಳುತ್ತಿತ್ತು. ಇಂಡಿಕೇಟರ್ ಹಾಕಿದರೆ ಕೆಲವೊಮ್ಮೆ ಮಾತ್ರ ಮಿನುಗುತ್ತಿತ್ತು. ಅಪ್ಪ ಕಪ್ಪು ಟೇಪು ಸುತ್ತಿ, ಫ್ಯೂಸು ತಿರುವಿ, ಎಲ್ಲವನ್ನೂ ಒಂದು ಹದಕ್ಕೆ ತಂದಿದ್ದರು. ದೊಡ್ಡ ಸಂಕಟ ಶುರುವಾದದ್ದು ನಮ್ಮದೇ ಸಾಂಬಾರಿನಿಂದ. ಆದರೆ ಅದು ನಮಗೆ ತಿಳಿದದ್ದು ಕೊನೆಗೆ.

ಚಳಿ ಆಗತಾನೇ ಇಳಿದಿತ್ತು. ಗಲ್ಲಿಯಲ್ಲಿ ಕಲ್ಲಿದ್ದಲ ಒಲೆಗಳ ಹೊಗೆ, ಮಂಜು ಎರಡೂ ಕಲಸಿ ಒಂದಾಗುತ್ತಿದ್ದವು. ಮೂಲೆಯ ಮಿಠಾಯಿ ಅಂಗಡಿಯಿಂದ ಹೊಸ ಖರ್ಜೂರದ ಬೆಲ್ಲದ ಪರಿಮಳ ಬರುತ್ತಿತ್ತು. ಒಂದು ಬೆಳಿಗ್ಗೆ ಎದುರಿನ ಬಸ್ಸು ಗಕ್ಕನೆ ನಿಂತು, ಅಪ್ಪ ಬ್ರೇಕು ಒತ್ತಿ, ಕಾರಿನ ಹಿಂಬದಿಯ ಡಿಕ್ಕಿಯಲ್ಲಿದ್ದ ಸಾಂಬಾರಿನ ಕ್ಯಾನು ಮಗುಚಿತು. ಅಮ್ಮ ಸೋಪಿನ ನೀರು ಹಾಕಿ ಎಷ್ಟು ತಿಕ್ಕಿದರೂ ಇಂಗಿನ ವಾಸನೆ ಹೋಗಲಿಲ್ಲ. ಕಾರಿನಲ್ಲಿ ಕೂತರೆ ಊಟಕ್ಕೆ ಕೂತ ಹಾಗೆ.

ಆಮೇಲೆ ಕೆಲವು ದಿನಗಳಲ್ಲಿ ಕಾರು ಬೆಳಿಗ್ಗೆ ಏಳುವುದನ್ನು ಬಿಟ್ಟಿತು. ಕೀ ತಿರುಗಿಸಿದರೆ 'ಟಿಕ್' ಎಂಬ ಒಂದು ಸದ್ದು, ಅಷ್ಟೇ. ಅಪ್ಪ ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದರು, ಹಿಂದೆ ಡಿಕ್ಕಿಯಲ್ಲಿ ಇಡ್ಲಿ ಆರುತ್ತಿತ್ತು. ಆಗ ಕ್ಲಬ್ಬಿನ ಮೆಟ್ಟಿಲ ಮೇಲಿಂದ ಮಂಟುದಾ ಏಳುತ್ತಿದ್ದ; 'ದಾ' ಎಂದರೆ ಅಲ್ಲಿ ಅಣ್ಣ. ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಕ್ಲಬ್ಬಿಗೆ ಅವನೇ ಯಜಮಾನ. ಕೆಲಸವಿಲ್ಲದ, ಆದರೆ ಎಲ್ಲರ ಕೆಲಸಕ್ಕೂ ಒದಗುವ ಗಟ್ಟಿ ಮನುಷ್ಯ.

"ಕ್ಯಾ ರಾವ್‌ದಾ, ಆಜ್ ಭೀ?"

ಇವತ್ತೂ ಏಳಲಿಲ್ಲವಾ ಎಂದು ಅದರರ್ಥ. ಅಪ್ಪ ತಲೆಯಾಡಿಸಿದರೆ ಸಾಕು. ಮಂಕಿ ಟೋಪಿಯವರು, ಶಾಲು ಹೊದ್ದವರು, ಹಲ್ಲುಜ್ಜುತ್ತಿದ್ದ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡವರು, ಎಲ್ಲರೂ ಮನೆಗಳಿಂದ ಹೊರಬಂದು ಕಾರಿನ ಬೆನ್ನಿಗೆ ಕೈ ಹಚ್ಚುತ್ತಿದ್ದರು. "ಹೇಂಯ್ಯೋ! ಸಾಂಬಾರ್ ಗಾಡಿ, ಹೇಂಯ್ಯೋ!" ಗಲ್ಲಿಯ ತುದಿ ಮುಟ್ಟುವಾಗ ಕಾರು ಕೆಮ್ಮಿ ಎದ್ದು ಓಡುತ್ತಿತ್ತು, ಕೆಲವೊಮ್ಮೆ ಓಡುತ್ತಿರಲಿಲ್ಲ.

ಬಂದ ಮೆಕ್ಯಾನಿಕ್ ಒಬ್ಬ ಬ್ಯಾಟರಿ ಹೋಗಿದೆ ಎಂದ. ಹೊಸದು ಹಾಕಿದೆವು. ಕೆಲವು ದಿನ ನೆಟ್ಟಗಿದ್ದು ಅದೂ ಮಲಗಿತು. ಇನ್ನೊಬ್ಬ ಡೈನಮೋ ಎಂದ, ಬಿಚ್ಚಿ ಜೋಡಿಸಿ ಕೊಟ್ಟ. ಮತ್ತೊಬ್ಬ ಡ್ಯಾಶ್‌ಬೋರ್ಡಿನ ಕೆಳಗಿಂದ ವೈರುಗಳನ್ನೆಲ್ಲ ಕರುಳಿನ ಹಾಗೆ ಹೊರಗೆಳೆದು, "ಎಲ್ಲೋ ಕರೆಂಟು ಸೋರ್ತಾ ಇದೆ" ಎಂದು ಹೇಳಿ, ಹೊರಗೆಳೆದದ್ದನ್ನು ಒಳಗೆ ತುರುಕಲು ಬಾರದೆ ಹೋದ. ಎಲ್ಲರೂ ಬರುತ್ತಿದ್ದುದು ಹಗಲಲ್ಲಿ. ಹಗಲಲ್ಲಿ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ನಾನೀಗ ಮೆಕ್ಯಾನಿಕ್ ಕರೆಸಿದರೆ ಏನು ಬದಲಾಯಿಸುತ್ತೀರಿ ಎಂದು ಕೇಳುವುದಿಲ್ಲ, ಏನು ಪರೀಕ್ಷಿಸಿದಿರಿ ಎಂದು ಕೇಳುತ್ತೇನೆ. ನೀವೂ ಹಾಗೇ ಕೇಳಿ.

ಮೆಸ್ಸಿನ ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. ತಡವಾದಾಗಲೆಲ್ಲ ಕೈಗಡಿಯಾರ ನೋಡಿ ನಗುತ್ತಿದ್ದರಂತೆ. ಒಂದು ಶನಿವಾರ ನಗಲಿಲ್ಲ. "ರಾಯರೇ, ಹುಡುಗರು ಹಸಿದು ಆಫೀಸಿಗೆ ಹೋಗ್ತಾ ಇದಾರೆ. ಇನ್ನೊಂದು ಸಲ ಹೀಗಾದರೆ ನಾನು ಬೇರೆಯವರನ್ನು ನೋಡಬೇಕಾಗ್ತದೆ."

ಮರುದಿನ ಭಾನುವಾರ, ಮೆಸ್ಸಿಗೆ ರಜೆ. ಅಪ್ಪ ಉದ್ದಿನಬೇಳೆ ತರಲು ಹೋಗಿದ್ದರು. ಅಮ್ಮ ಪಾತ್ರೆಗಳನ್ನು ತೊಳೆಯಲು ಇಳಿಸಿಕೊಂಡು, ವಾಸನೆ ಹೋಗಲಿ ಎಂದು ಡಿಕ್ಕಿ ತೆರೆದೇ ಬಿಟ್ಟಿದ್ದಳು. ಗಲ್ಲಿಯಲ್ಲಿ ನಾವು ಲುಕೋಚುರಿ ಆಡುತ್ತಿದ್ದೆವು, ಕಣ್ಣಾಮುಚ್ಚಾಲೆಗೆ ಅಲ್ಲಿಯ ಹೆಸರು ಅದು. ಕಿತ್ತಳೆ ಹಣ್ಣಿನ ತೊಳೆ ಬಾಯಲ್ಲಿ ಇಟ್ಟುಕೊಂಡೇ ನಾನು ಡಿಕ್ಕಿಯೊಳಗೆ ಹಾರಿ, ಮುಚ್ಚಳ ಎಳೆದುಕೊಂಡೆ. ಕಟಕ್ ಎಂದಿತು.

ಒಳಗೆ ಕತ್ತಲೆ ಇರಲಿಲ್ಲ.

ಬದಿಯಲ್ಲಿ ಬೆರಳ ತುದಿಯಷ್ಟು ಒಂದು ಬಲ್ಬು ಉರಿಯುತ್ತಿತ್ತು. ಹಳದಿ ಬೆಳಕು. ಅದರ ಕೆಳಗಿನ ತಗಡಿಗೆ ಒಣಗಿದ ಕರಿಬೇವಿನ ಎಲೆಯೊಂದು ಅಂಟಿಕೊಂಡಿತ್ತು. ಸುತ್ತ ಹುಣಸೆಯ ಕಂದು ಕಲೆ. ನಾನು ಎರಡೂ ಅಂಗೈಗಳನ್ನು ಬಲ್ಬಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಯಾರಿಗೂ ಸಿಗದ ಜಾಗ ಸಿಕ್ಕಿತೆಂದು ಹಿಗ್ಗುತ್ತ ಕೂತೆ. ಹೊರಗೆ ಬರಬೇಕೆನಿಸಿದಾಗ ಮುಚ್ಚಳ ಏಳಲಿಲ್ಲ. ಆಗ ಬಡಿದೆ, ಕೂಗಿದೆ, ಅತ್ತೆ. ಮಂಟುದಾನ ಕಿವಿಗೆ ಬಿತ್ತು. ಅವನ ಬೊಬ್ಬೆಗೆ ಅಮ್ಮ ಕೀ ಹಿಡಿದು ಓಡಿಬಂದಳು. ತೆರೆದವಳೇ ಬೆನ್ನಿಗೊಂದು ಬಿಟ್ಟಳು, ಆಮೇಲೆ ತಬ್ಬಿಕೊಂಡಳು.

"ಕತ್ತಲೆಯಲ್ಲಿ ಹೆದರಿಕೆ ಆಗ್ಲಿಲ್ವಾ ಮಗಾ?"

"ಕತ್ತಲೆ ಎಲ್ಲಿತ್ತು? ಅಂದರ್ ಲೈಟ್ ಥಾ, ಅಮ್ಮ." ಅಳು ಬಂದರೆ ನನ್ನ ಕನ್ನಡ ಅರ್ಧ ಹಿಂದಿಯಾಗುತ್ತಿತ್ತು.

ಅಮ್ಮ ಮುಖ ಎತ್ತಿ ದಕ್ಷಿಣೇಶ್ವರದ ದೇವಿ ಗುಡಿಯ ದಿಕ್ಕಿಗೆ ಕೈ ಮುಗಿದಳು. "ತಾಯಿಯೇ ದೀಪ ಹಿಡ್ಕೊಂಡು ಕೂತಿದ್ದಾಳೆ ನನ್ನ ಮಗುವಿನ ಹತ್ರ." ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ನನ್ನನ್ನು ಅಡ್ಡ ಬೀಳಿಸಿದಳು. ಆಮೇಲೆ ಮೆತ್ತಗೆ ಹೇಳಿದಳು, "ಅಪ್ಪನಿಗೆ ಹೇಳ್ಬೇಡ ಆಯ್ತಾ. ಮೊದಲೇ ತಲೆಬಿಸಿಯಲ್ಲಿದ್ದಾರೆ."

ನಾನು ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗಲ್ಲಿಯ ತುದಿಯೇ ಕಾಣುತ್ತಿರಲಿಲ್ಲ. ಟಿಕ್. ಕೇರಿಗೆ ಕೇರಿಯೇ ತಳ್ಳಿತು. ಒಮ್ಮೆ ಆ ತುದಿಗೆ, ಮತ್ತೆ ಈ ತುದಿಗೆ. ಟ್ಯಾಕ್ಸಿಗೆ ಓಡಿದ ಹುಡುಗ ಬರಿಗೈಲಿ ಬಂದ, ಆ ಮಂಜಿನಲ್ಲಿ ಯಾರೂ ಬರಲೊಲ್ಲರು. ಕಾರು ಕೊನೆಗೂ ಎದ್ದಾಗ ಬಿಸಿಲು ಬಂದಿತ್ತು. ಅಪ್ಪ ಹೋದರು. ಹೋದ ಪಾತ್ರೆಗಳು ಹಾಗೆಯೇ ತುಂಬಿಕೊಂಡು ಹಿಂದೆ ಬಂದವು. ಹುಡುಗರು ಬೀದಿಯಲ್ಲಿ ಬ್ರೆಡ್ಡು ತಿಂದು ಹೋಗಿಯಾಗಿತ್ತು. ನಾಳೆಯಿಂದ ಬೇಡ ಎಂದಿದ್ದರು ಮ್ಯಾನೇಜರು, ಬಹಳ ಮರ್ಯಾದೆಯಿಂದಲೇ.

ಆ ಇಡ್ಲಿಗಳನ್ನು ಅಮ್ಮ ಕೇರಿಗೆಲ್ಲ ಹಂಚಿದಳು. ತಳ್ಳಿದವರೆಲ್ಲ ಕ್ಲಬ್ಬಿನ ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿಂದರು. ಏನಾಯಿತೆಂದು ಅಪ್ಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಂಟುದಾ ಬೆರಳು ನೆಕ್ಕುತ್ತ, "ಬೌದಿ, ಫಸ್ಟ್ ಕ್ಲಾಸ್!" ಎಂದು ಅಮ್ಮನನ್ನು ಅತ್ತಿಗೆಯೆಂದೇ ಕರೆದು ಕೂಗಿ ಹೇಳಿದ.

ಸಂಜೆ ಅಪ್ಪ ತಟ್ಟೆಯ ಮುಂದೆ ತುತ್ತು ಮುಟ್ಟದೆ ಕೂತಿದ್ದರು. ಅಮ್ಮನಿಗೆ ತಡೆಯಲಾಗಲಿಲ್ಲ.

"ಹೀಗೆ ಕೂತ್ರೆ ಎಂತ ಮಾಡುದು ಹೇಳಿ. ತಾಯಿ ನಮ್ಮ ಕೈ ಬಿಡ್ಲಿಲ್ಲ. ನಿನ್ನೆ ಇವಳು ಡಿಕ್ಕಿಯೊಳಗೆ ಸಿಕ್ಕಿಹಾಕ್ಕೊಂಡಿದ್ಲು. ಅಲ್ಲೂ ದೀಪ ತೋರ್ಸಿದ್ದಾಳೆ."

ಅಪ್ಪ ನಿಧಾನವಾಗಿ ತಲೆ ಎತ್ತಿದರು. "ಎಂತ ದೀಪ?"

ನಾನು ಹೇಳಿದೆ. ಬಲ್ಬು, ಕರಿಬೇವು, ಎಲ್ಲ.

"ಮುಚ್ಚಿದ ಮೇಲೂ ಉರೀತಿತ್ತಾ? ಸರಿ ನೆನಪು ಮಾಡಿ ಹೇಳು ಮಗಾ."

ಅಮ್ಮ ಬೇಡ ಬೇಡ ಎನ್ನುತ್ತಿದ್ದಂತೆ ಅಪ್ಪ ನನ್ನನ್ನು ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿ ಕೂರಿಸಿ, ಕೀ ತಮ್ಮ ಕೈಯಲ್ಲೇ ಇಟ್ಟುಕೊಂಡು ಮುಚ್ಚಳ ಹಾಕಿದರು. "ಈಗ?" ಎಂದು ತಗಡಿನ ಆಚೆಯಿಂದ ಕೇಳಿತು.

"ಉಂಟು ಅಪ್ಪ! ಉರೀತಾ ಉಂಟು!" ಎಂದು ಖುಷಿಯಿಂದ ಕೂಗಿದೆ.

ಡಿಕ್ಕಿ ತೆರೆದಾಗ ದೀಪ ಹತ್ತಬೇಕು, ಮುಚ್ಚಿದಾಗ ಆರಬೇಕು. ಹತ್ತುವುದನ್ನು ಎಲ್ಲ ಮೆಕ್ಯಾನಿಕ್‌ಗಳೂ ನೋಡಿದ್ದರು. ಆರುವುದನ್ನು ನೋಡಲು ಒಳಗೆ ಯಾರು ಕೂರುತ್ತಾರೆ? ಚೆಲ್ಲಿದ ಸಾಂಬಾರಿನ ಹುಳಿ ಉಪ್ಪು ಅಲ್ಲಿಯ ಸಣ್ಣ ಸ್ವಿಚ್ಚನ್ನು ತಿಂದು ಕಚ್ಚಿಸಿಬಿಟ್ಟಿತ್ತು. ರಾತ್ರಿಯಿಡೀ ಆ ದೀಪ ಯಾರಿಗೂ ಕಾಣದೆ ಉರಿದು ಬ್ಯಾಟರಿಯನ್ನು ಹೀರುತ್ತಿತ್ತು. ಅಪ್ಪ ಬಲ್ಬನ್ನು ಎರಡು ಬೆರಳಲ್ಲಿ ತಿರುಗಿಸಿ ತೆಗೆದರು, ಅಂಗೈ ಮೇಲಿಟ್ಟು ನೋಡಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಬ್ಯಾಟರಿಯನ್ನು ಅಂದೇ ಅಂಗಡಿಗೆ ಕೊಟ್ಟು ಚಾರ್ಜ್ ಮಾಡಿಸಿದರು. ಮಂಗಳವಾರ ಬೆಳಿಗ್ಗೆ ಎಂದಿನ ಹೊತ್ತಿಗೆ, ಈಗಲಾದರೂ ಏಳುತ್ತದೋ ನೋಡೋಣವೆಂದು ಅಪ್ಪ ಕಾರಿನಲ್ಲಿ ಕೂತರು. ನಾನೂ ಮಂಕಿ ಟೋಪಿ ಹಾಕಿಕೊಂಡು ಪಕ್ಕಕ್ಕೆ ಹತ್ತಿದೆ. ಬಾಗಿಲಿನ ಸದ್ದು ಕೇಳಿ ರೂಢಿಯಂತೆ ಎಲ್ಲರೂ ಹೊರಬಂದರು, ಕಾರಿನ ಬೆನ್ನಿಗೆ ಕೈ ಇಟ್ಟು ನಿಂತರು. ಅಪ್ಪ ಕೀ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಹಾಡತೊಡಗಿತು.

ಗಲ್ಲಿಯೇ ಹೋ ಎಂದಿತು. ಯಾರೋ ಶಿಳ್ಳೆ ಹಾಕಿದರು. ಮಂಟುದಾ ಬಾನೆಟ್ ತಟ್ಟಿ, "ಜಾವೋ ರಾವ್‌ದಾ, ಜಾವೋ! ಆಜ್ ಟೈಮ್ ಪೇ!" ಎಂದು ದಾರಿ ಬಿಡಿಸಿದ. ಹೋಗಲು ಜಾಗವೇ ಇಲ್ಲ ಎಂದು ಅಷ್ಟು ಜನರ ಮುಖ ನೋಡಿ ಅಪ್ಪ ಹೇಗೆ ಹೇಳಿಯಾರು? ಕೈ ಎತ್ತಿ ಬೀಸಿದರು, ಗೇರು ಹಾಕಿದರು.

ದೊಡ್ಡ ರಸ್ತೆ ಬಂತು. ಮೆಸ್ಸಿನ ಕಡೆಯ ದಾರಿಯನ್ನು ಅಪ್ಪ ಒಂದು ಕ್ಷಣ ನೋಡಿದರು. ಆಮೇಲೆ ಇನ್ನೊಂದು ಕಡೆಗೆ ಇಂಡಿಕೇಟರ್ ಹಾಕಿದರು. ಅಂದು ಅದು ಕೂಡ ತಪ್ಪದೆ ಮಿನುಗಿತು. ದಕ್ಷಿಣೇಶ್ವರದವರೆಗೂ, ಅಮ್ಮ ತೊಳೆದು ಡಿಕ್ಕಿಯಲ್ಲಿಟ್ಟಿದ್ದ ಖಾಲಿ ಪಾತ್ರೆಗಳು ಒಂದಕ್ಕೊಂದು ಬಡಿಯುತ್ತಿದ್ದವು. ಹೋಟೆಲಿನ ಮುಂದೆ ನಿಂತಾಗ ದೊಡ್ಡಪ್ಪ ಹೊರಬಂದು ಅಪ್ಪನ ಮುಖ ನೋಡಿದರು. ಹಂಗಿಸುತ್ತಾರೆಂದು ನಾನು ಕಾದೆ.

"ಪಾತ್ರೆ ಒಳಗಿಡು," ಎಂದರು ಅಷ್ಟೇ. "ಮಗುವಿಗೆ ಒಂದು ದೋಸೆ ಹಾಕು."

ಅಪ್ಪ ಅಂಗಿಯ ತೋಳು ಮಡಚಿ ಕಾವಲಿಯ ಮುಂದೆ ನಿಂತರು. ಕಡೆಯವರೆಗೂ ಅಲ್ಲೇ ನಿಂತರು.

ಹಳೇ ಗಾಡಿ ಕೊಳ್ಳುವವರಿಗೆ ನನ್ನ ಕೊನೆಯ ಮಾತು ಇದು: ಫೋನಿನಲ್ಲಿ ವಿಡಿಯೋ ರೆಕಾರ್ಡಿಂಗ್ ಶುರುಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ, ತೆಗೆದು ನೋಡಿ. ದೀಪ ಆರಿತೋ ಇಲ್ಲವೋ ಅರೆಗಳಿಗೆಯಲ್ಲಿ ತಿಳಿಯುತ್ತದೆ. ಮಾರುವವರು ನನ್ನನ್ನು ನೋಡಿ ನಗುತ್ತಾರೆ, ನಗಲಿ.

ಹೋದ ಚಳಿಯಲ್ಲಿ ನನ್ನದೊಂದು ವ್ಯಾನು ಬೆಳಿಗ್ಗೆ ಏಳಲಿಲ್ಲ. ಅದೇ ಗಲ್ಲಿ. ಈಗ ಎರಡೂ ಬದಿಗೆ ಎತ್ತರದ ಫ್ಲಾಟುಗಳು, ಕ್ಲಬ್ಬಿನ ಮೆಟ್ಟಿಲಿದ್ದಲ್ಲಿ ಕಬ್ಬಿಣದ ಗೇಟು. ಫೋನ್ ಮಾಡಿದರೆ ಬ್ಯಾಟರಿಗೆ ಹಚ್ಚುವ ಕೇಬಲ್ ಹಿಡಿದು ಒಬ್ಬ ಬರುತ್ತಾನೆ, ಬರುತ್ತಿದ್ದಾನೆ ಎಂದು ನಕ್ಷೆಯಲ್ಲಿ ಕಾಣುತ್ತಲೂ ಇತ್ತು. ಡಿಕ್ಕಿಯಲ್ಲಿ ಇಡ್ಲಿ ಆರುತ್ತಿತ್ತು. ನಾನು ಸ್ಟಿಯರಿಂಗ್ ಹಿಡಿದು, ಅವನು ಬರುವವರೆಗೂ ಹಿಂದಿನ ಗಲ್ಲಿ ಕಾಣುವ ಕನ್ನಡಿಯನ್ನೇ ನೋಡುತ್ತ ಕೂತಿದ್ದೆ.