ನೀರು ಕೊಡದ ಜನ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕಂಪ್ಲಿಯಿಂದ ಹೊಸಪೇಟೆ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದ್ದು. ಅವ್ವ ಭತ್ತದ ನಾಟಿಗೆ ಹೋಗಿ ಓದಿಸಿದ್ದು. ಸಿನಿಮಾದವರು ಸಂಡೂರಿಗೆ ಬಂದು, ಹಿಂದಿ ಇಂಗ್ಲಿಷ್ ಬಲ್ಲ ಈ ಕಡೆಯವರು ಬೇಕು ಅಂದಾಗ ಕೆಲಸ ನನಗೆ ಸಿಕ್ಕಿತು. ನಿರ್ದೇಶಕ ಹೇಳಿದ್ದನ್ನು ನಮ್ಮ ಜನಕ್ಕೆ ತಿಳಿಸಬೇಕು, ಅಷ್ಟೇ.

ಕತೆ ದೂರದ ಯಾವುದೋ ಗ್ರಹದ್ದು. ಕೆಲಸ ನಿಂತುಹೋದ ಅದಿರಿನ ಗುಂಡಿಯೇ ಆ ಗ್ರಹ. ಅಲ್ಲಿಯ ಜನ ಹೆಚ್ಚುಕಡಿಮೆ ಮನುಷ್ಯರಂತೆಯೇ. ಆದರೆ ಬೂದಿ ಬಣ್ಣದ ಮೈ, ಹುಬ್ಬಿಲ್ಲ, ಕಿವಿಯ ಜಾಗದಲ್ಲಿ ಬರೀ ಸೀಳು. ಗ್ರಹದಲ್ಲಿ ಉಳಿದ ಕೊನೆಯ ನೀರನ್ನು ಕೊಡಗಳಲ್ಲಿ ಕಾಯುತ್ತಾರೆ. ಹೊರಗಿನವರಿಗೆ ಹನಿಯನ್ನೂ ಕೊಡುವುದಿಲ್ಲ. ಆ ಜನಕ್ಕೆ ನಿರ್ದೇಶಕ ಇಟ್ಟ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ನಮ್ಮ ಹೆಂಗಸರು 'ಬೂದಿ ಮಂದಿ' ಅಂದರು.

ಬೂದಿ ಮಂದಿಯಾಗಲು ನಾನು ಕರೆತಂದದ್ದು ಅವ್ವನ ನಾಟಿ ಗುಂಪನ್ನೇ. ಅವ್ವ ಕೇಳಿದ್ದು ಒಂದೇ ಮಾತು.

"ಟಿವ್ಯಾಗ ನನ್ನ ಮುಖ ಕಾಣ್ತತೇನ್ಲೇ? ಓಣಿ ಮಂದಿ ಗುರ್ತು ಹಿಡಿಬೇಕು ನೋಡು."

"ಹಿಡೀತಾರ ಬೇ. ನಡುವ ನಿಂದ್ರಸ್ತೀನಿ."

ಬಣ್ಣ ಬಳಿಸಿಕೊಂಡ ಮೇಲೆ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. "ಹಿಂಗ ಮನಿಗೆ ಹೋದ್ರ ನಿನ್ನ ಗಂಡ ಓಡಿ ಹೋಗ್ತಾನ!" "ಹೋಗ್ಲಿ ಬಿಡು, ರೊಟ್ಟಿ ಬಡಿಯೋದು ತಪ್ತತಿ."

ದೃಶ್ಯ ಇಷ್ಟು: ಆಕಾಶದಿಂದ ಬಿದ್ದ ನಾಯಕನ ಗೆಳೆಯ ತೆವಳಿಕೊಂಡು ಬಂದು, ಅವ್ವನ ಮುಂದೆ ಮಂಡಿಯೂರಿ ಬೊಗಸೆ ಒಡ್ಡಬೇಕು. ಅವ್ವ ಕಲ್ಲಿನಂತೆ ನಿಲ್ಲಬೇಕು. ಅವನು ಒಡ್ಡಿದ. ಅವ್ವ ಬಗ್ಗಿ ಕೊಡ ವಾಲಿಸಿಬಿಟ್ಟಳು. ಅವನೂ ಪಾಪ, ಬಿಸಿಲಿಗೆ ಬೆಂದಿದ್ದ, ಗಟಗಟ ಕುಡಿದ.

ನಮ್ಮ ಗದ್ದೆಗಳಲ್ಲಿ ಬದುವಿನ ಮೇಲೆ ಬಂದವರು ಬೊಗಸೆ ಒಡ್ಡಿದರೆ ಮೊದಲು ನೀರು, ಆಮೇಲೆ ಯಾವ ಊರು ಅನ್ನುವ ಮಾತು.

"ಯವ್ವಾ, ಕೊಡಬ್ಯಾಡ. ನೀ ಈಗ ಮನಷ್ಯಾಕಿ ಅಲ್ಲ," ಅಂದೆ.

"ಅಲ್ಲಲೇ, ಬೊಗಸಿ ಒಡ್ಡ್ಯಾನ! ತುಟಿ ನೋಡು ಹೆಂಗ ಒಣಗ್ಯಾವು."

ಎರಡನೆಯ ಸಲವೂ ಸುರಿದಳು. ನಿರ್ದೇಶಕ ಟೋಪಿ ತೆಗೆದು ನೆಲಕ್ಕೆ ಬಡಿದು, ಬೇರೆ ಹೆಂಗಸನ್ನು ನಿಲ್ಲಿಸು ಅಂದ. ಅದನ್ನು ಹಾಗೆಯೇ ಅವ್ವನಿಗೆ ಹೇಳಿದೆ. "ಮುಖ ಬರಂಗಿಲ್ಲ ನೋಡು," ಅಂತಲೂ ಸೇರಿಸಿದೆ.

ಅವ್ವ ಕೊಡ ನೆಟ್ಟಗೆ ಹಿಡಿದಳು. "ಹಂಗಾರ ಏನ್ ಮಾಡ್ಲಿ?"

"ಆ ಗುಡ್ಡ ನೋಡು. ಕೆಳಗ ನೋಡಬ್ಯಾಡ."

ಅವ್ವ ಗುಡ್ಡ ನೋಡಿದಳು. ನಿರ್ದೇಶಕ ಚಪ್ಪಾಳೆ ತಟ್ಟಿದ. ನನ್ನ ಓದು ಅವ್ವನಿಗೂ ಉಪಯೋಗಕ್ಕೆ ಬಂತಲ್ಲ ಎಂದು ಹಿಗ್ಗಿದೆ.

ಸಿನಿಮಾ ಟಿವಿಯಲ್ಲಿ ಬಂದ ದಿನ ಓಣಿಯನ್ನೆಲ್ಲ ನಾನೇ ಕರೆದೆ. ಅವ್ವ ಹೊಸ ಸೀರೆ ಉಟ್ಟು ಮುಂದೆ ಕುಳಿತಳು. "ನಡುವ ನಿಂತಾಕಿ ನಮ್ಮವ್ವ," ಎಂದು ಎದ್ದು ನಿಂತು ತೋರಿಸಿದೆ. ಎಲ್ಲರೂ ಗುರುತು ಹಿಡಿದರು. ಆ ಮನುಷ್ಯ ಬರಿ ಬೊಗಸೆಯಲ್ಲೇ ಅವಳ ಕಾಲ ಬಳಿ ಸತ್ತ. ಅವಳು ಗುಡ್ಡ ನೋಡುತ್ತಿದ್ದಳು.

ಪಕ್ಕದ ಮನೆಯ ಮುದುಕಿ ಚೇಷ್ಟೆಗೆ ಅಂದಳು: "ಏನಬೇ, ಒಂದ್ ಗುಟುಕು ಹಾಕಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. "ಹಾಕಿದ್ದೆ. ಎರಡ್ ಸರ್ತಿ ಹಾಕಿದ್ದೆ. ನೀನಾರ ಹೇಳ್ಲೇ ಇವರಿಗೆ."

ಹೌದು, ಹಾಕಿದ್ದಳು ಅಂದೆ.

"ಮತ್ತ ಎಲ್ಲೈತಿ, ತೋರ್ಸು," ಅಂದಳು ಮುದುಕಿ, ಟಿವಿ ಕಡೆ ಕೈ ಮಾಡಿ.

ತೋರಿಸಲು ಏನೂ ಇರಲಿಲ್ಲ. ಅವತ್ತಿನಿಂದ ಯಾರಾದರೂ ಟಿವಿಯಲ್ಲಿ ನಿಮ್ಮನ್ನು ನೋಡಿದೆವು ಅಂದರೆ, "ಅಷ್ಟ್ ಬೂದಿ ಬಳದ್ರ ಯಾರಂತ ಗೊತ್ತಾಗ್ತತಿ? ನಾ ಅಲ್ಲ," ಅನ್ನುತ್ತಾಳೆ. ಬೇರೆ ಹೆಂಗಸನ್ನೇ ನಿಲ್ಲಿಸಲು ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮೊನ್ನೆ ಗದ್ದೆಗೆ ಬುತ್ತಿ ಕೊಡಲು ಹೋಗಿದ್ದೆ. ಬದುವಿನ ಮೇಲೆ ಕುರಿ ಹೊಡೆದುಕೊಂಡು ಒಬ್ಬ ಬಂದ. ಅವನು ಕೇಳುವ ಮೊದಲೇ ಅವ್ವ ಕೆಸರುಗಾಲಲ್ಲಿ ಓಡಿ ಕೊಡ ಎತ್ತಿದಳು. ಅವನು "ಸಾಕಬೇ, ಸಾಕು" ಅಂದರೂ ಸುರಿಯುತ್ತಲೇ ಇದ್ದಳು. ಸುರಿಯುತ್ತ ತಿರುಗಿ, ನಾಟಿ ಹೆಂಗಸರು ನೋಡುತ್ತಿದ್ದಾರೋ ಇಲ್ಲವೋ ನೋಡಿದಳು.

ಮೊದಲೆಲ್ಲ ನೀರು ಹಾಕುವಾಗ ಅವ್ವ ಹಾಗೆ ತಿರುಗಿ ನೋಡುತ್ತಿರಲಿಲ್ಲ.