ಅಕ್ಯೂಟ್ ಅಂದ್ರೆ ಲಘು ಅಲ್ವಾ ಸಾರ್?

ಹೋದ ವಾರ ರಾಜಾಜಿನಗರದ ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಇಂಗ್ಲಿಷಿನ ಒಂದು ಪದದಿಂದ ಸತ್ತರು.

(ಉತ್ಪ್ರೇಕ್ಷೆ ಎನಿಸಿದರೆ ಪೂರ್ತಿ ಓದಿ.)

ಹೆಸರು ಗಿರಿಜಮ್ಮ, ನಮ್ಮ ಎದುರುಮನೆಯವರು. ಗಂಡ ಶಿವಣ್ಣ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಾವಣಗೆರೆ ಕಡೆಯವರು. ಓದಿದ್ದೆಲ್ಲ ಕನ್ನಡದಲ್ಲಿ, ಕಲಿಸುವುದೂ ಕನ್ನಡದಲ್ಲಿ. ಭಾನುವಾರ ಗಿರಿಜಮ್ಮ ರೊಟ್ಟಿ ತಟ್ಟುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ರೊಟ್ಟಿಯೂ ಬರುತ್ತಿತ್ತು.

ಸೋಮವಾರ ಬೆಳಗ್ಗೆ ಆಕೆಗೆ ವಿಪರೀತ ಹೊಟ್ಟೆನೋವು. ಗಂಡ ಹೆಂಡತಿ ಮೂಲೆಯ ಕ್ಲಿನಿಕ್‌ಗೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಅಕ್ಯೂಟ್ ಅಪೆಂಡಿಸೈಟಿಸ್. ಸರ್ಜನ್‌ಗೆ ತೋರ್ಸಿಬಿಡಿ ಮೇಷ್ಟ್ರೇ" ಎಂದು ಮುಂದಿನ ಪೇಷೆಂಟನ್ನು ಕರೆದರು.

ಮೇಷ್ಟ್ರಿಗೆ ಅಪೆಂಡಿಸೈಟಿಸ್ ಗೊತ್ತಿರಲಿಲ್ಲ. ಅಕ್ಯೂಟ್ ಗೊತ್ತಿತ್ತು. ಅಕ್ಯೂಟ್ ಆಂಗಲ್ ಅಂದರೆ ಲಘುಕೋನ. ವರ್ಷಾವರ್ಷ ಪಾಠ ಮಾಡಿದ್ದಾರೆ. ಲಘು ಅಂದರೆ ಹಗುರ, ಸಣ್ಣದು. ಪೇಪರಿನಲ್ಲೂ ಲಘು ಹೃದಯಾಘಾತ ಎಂದು ಬರುವುದಿಲ್ಲವೇ? ಅವತ್ತು ಸ್ಕೂಲಿನಲ್ಲಿ ಪರೀಕ್ಷೆ ಬೇರೆ. "ಲಘು ಅಂತೆ ಕಣೇ, ಸಂಜೆ ಹೋಗೋಣ" ಎಂದು ಹೆಂಡತಿಗೆ ಹೇಳಿ ಹೊರಟರು.

ಮಧ್ಯಾಹ್ನ ನನ್ನ ಹೆಂಡತಿ ನೋಡಲು ಹೋದಾಗ ಗಿರಿಜಮ್ಮ ಎದ್ದು ಕೂತಿದ್ದರಂತೆ. "ನೋವು ಒಮ್ಮೆಗೇ ಇಳೀತು ಕಣ್ರೀ. ನಮ್ಮ ಮನೆಯೋರು ಹೇಳಿದ್ದೇ ಸರಿ" ಎಂದು ನಕ್ಕರಂತೆ. ಅಪೆಂಡಿಕ್ಸ್ ಎನ್ನುವ ಕರುಳಿನ ಆ ಬಾಲ ಊದಿ ಒಡೆದಾಗ ನೋವು ಹಾಗೆ ಒಂದಿಷ್ಟು ಹೊತ್ತು ಇಳಿಯುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ.

ಸಂಜೆ ಮೇಷ್ಟ್ರು ಬರುವಷ್ಟರಲ್ಲಿ ಮೈ ಕೆಂಡ. ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದೆವು. (ಮಾಗಡಿ ರಸ್ತೆಯ ಒಂದೊಂದು ಗುಂಡಿಗೂ ಆಕೆ ನರಳುತ್ತಿದ್ದರು.) ಸರ್ಜನ್ ಕೇಳಿದ್ದು ಒಂದೇ: "ಬೆಳಗ್ಗೆ ಯಾಕ್ರೀ ಕರ್ಕೊಂಡ್ ಬರ್ಲಿಲ್ಲ?" ಆಪರೇಷನ್ ಆಯಿತು. ಗುರುವಾರ ಗಿರಿಜಮ್ಮ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಮೇಷ್ಟ್ರು ನಮ್ಮ ಮೆಟ್ಟಿಲ ಮೇಲೆ ಕೂತರು. "ನೀವು ಇಂಗ್ಲಿಷ್ ಬಲ್ಲೋರು. ಅಕ್ಯೂಟ್ ಅಂದ್ರೆ ಲಘು ಅಲ್ವಾ ಸಾರ್?"

ಏನು ಹೇಳಲಿ? ಸೀಮೆಎಣ್ಣೆಗೆ 'ಅಕ್ಯೂಟ್ ಶಾರ್ಟೇಜ್' ಎಂದು ಇಂಗ್ಲಿಷ್ ಪೇಪರಿನಲ್ಲಿ ಓದಿದ ಕೂಡಲೇ ಡಬ್ಬ ಹಿಡಿದು ಓಡಿದವನು ನಾನು. ಅಲ್ಲಿ ಅದಕ್ಕೆ ತೀವ್ರ ಎಂದು ಅರ್ಥ. ಡಾಕ್ಟರ ಬಾಯಲ್ಲಿ ಅದು ದಿಢೀರನೆ ಬಂದು ಬೇಗ ಬೇಗ ಏರುವ ಕಾಯಿಲೆ. ವರ್ಷಗಟ್ಟಲೆ ಕಾಡುವುದು ಕ್ರಾನಿಕ್. ನಮ್ಮ ಜನಕ್ಕೆ ಭಯವೆಲ್ಲ ಕ್ರಾನಿಕ್ ಮೇಲೆ. "ಕ್ರಾನಿಕ್ ಗ್ಯಾಸ್ಟ್ರಿಕ್ ಸಾರ್" ಎಂದು ಗೋಳಾಡುತ್ತಲೇ ಮೊಮ್ಮಕ್ಕಳನ್ನು ಕಾಣುತ್ತಾರೆ. ಅಕ್ಯೂಟ್‌ಗೆ ಹೆದರುವವರು ಎಷ್ಟು ಜನ?

"ದಿಢೀರ್ ಅಂತ ಬಂದಿದ್ದು ಅಂತ ಅರ್ಥ, ಮೇಷ್ಟ್ರೇ" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ಲಘು ಅಲ್ಲ. ನಾನ್ ಹೇಳ್ದೆ, ಅವಳು ನಂಬಿದ್ಲು" ಎಂದರು. ಎದ್ದು ಮನೆಗೆ ಹೋದರು. ಕತ್ತಲಾದರೂ ಎದುರುಮನೆಯಲ್ಲಿ ದೀಪ ಹತ್ತಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಮರುದಿನ ಕ್ಲಿನಿಕ್‌ಗೆ ಹೋದೆ. ಡಾಕ್ಟರು ಕೆಟ್ಟವರಲ್ಲ; ನನ್ನನ್ನು ಕಂಡಾಗಲೇ ಅವರ ಮುಖ ಸಣ್ಣದಾಗಿತ್ತು. "ಅಕ್ಯೂಟ್ ಅಂತ ಕ್ಲಿಯರ್ ಆಗಿ ಹೇಳಿದ್ನಲ್ಲ ಸಾರ್! ಓದಿದೋರು, ಮೇಷ್ಟ್ರು. ಇನ್ನೇನ್ ಹೇಳ್ಬೇಕಿತ್ತು ನಾನು?"

ಅವರ ಮನೆಮಾತೂ ಕನ್ನಡವೇ. "ಈಗ್ಲೇ ಹೋಗಿ, ತಡ ಮಾಡಿದ್ರೆ ಜೀವಕ್ಕೆ ಅಪಾಯ" ಎಂದಿದ್ದರೆ ಅವರ ಡಿಗ್ರಿಗೆ ಏನು ಕಡಿಮೆಯಾಗುತ್ತಿತ್ತು?