ಕೊನೆಯ ಸ್ಟಾಪಿನ ಮಗು

ಸೋಮವಾರ ಮಧ್ಯಾಹ್ನ ಹದಿಮೂರು ಮಕ್ಕಳನ್ನು ಅವರವರ ಬಾಗಿಲಿಗೆ ಇಳಿಸಿ ವ್ಯಾನ್ ಆಂಟಿ ಕೊನೆಯ ಸ್ಟಾಪಿಗೆ ಬಂದಾಗ ಅಲ್ಲಿ ಯಾರೂ ನಿಂತಿರಲಿಲ್ಲ. ಎಂಜಿನ್ ಆರಿಸಿ ಐದು ನಿಮಿಷ ಕಾದಳು. ಹತ್ತು ನಿಮಿಷ ಕಾದಳು. ಹಿಂದಿನ ಸೀಟಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಲಾಡಿಸುತ್ತ ಕೂತಿದ್ದಳು. ದುಂಡಗೆ, ಪುಟ್ಟದಾಗಿ ಇದ್ದುದರಿಂದ ವ್ಯಾನಿನ ಮಕ್ಕಳೆಲ್ಲ ಅವಳಿಗೆ ಬಟಾಣಿ ಅಂತ ಹೆಸರಿಟ್ಟಿದ್ದರು.

"ಅಮ್ಮ ಬರ್ತಾಳೆ ಆಂಟಿ. ಬೆಳಗ್ಗೆ ಹೊಟ್ಟೆನೋವು ಅಂತಿದ್ಲು, ಅದಕ್ಕೇ ನಿಧಾನ," ಎಂದಳು ಬಟಾಣಿ.

ಹನ್ನೊಂದು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಿದ್ದ ವ್ಯಾನ್ ಆಂಟಿಗೆ ಆ ಮಾತು ಯಾಕೋ ಹಿಡಿಸಲಿಲ್ಲ. ಬಟಾಣಿಯ ತಾಯಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ದಿನವೂ ತಡಮಾಡಿದವಳಲ್ಲ. ಅಷ್ಟರಲ್ಲಿ ಫೋನು ಬಂತು. ಅಂಗಡಿಯ ಯಜಮಾನರು. ಆಕೆ ಕೆಲಸದ ಮೇಜಿನ ಮೇಲೇ ಕುಸಿದು ಬಿದ್ದಳಂತೆ. ಅಪೆಂಡಿಕ್ಸ್ ಒಡೆದಿದೆ, ಈಗಲೇ ಆಪರೇಷನ್ ಅಂತೆ.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಸ್ಟ್ರೆಚರ್ ಸಿಕ್ಕಿದ್ದು ಒಂದೇ ನಿಮಿಷ. ತಾಯಿಯ ಮುಖ ಸುಣ್ಣದಂತೆ ಬಿಳಿಚಿತ್ತು. ಮಗಳ ಕೆನ್ನೆ ಮುಟ್ಟಿ, ಆಮೇಲೆ ವ್ಯಾನ್ ಆಂಟಿಯ ಮಣಿಕಟ್ಟನ್ನು ಹಿಡಿದಳು. ಅಷ್ಟು ನಿತ್ರಾಣದಲ್ಲೂ ಹಿಡಿತ ಬಿಗಿಯಾಗಿತ್ತು.

"ನಾನು ಬರೋವರೆಗೂ ನಿಮ್ಮ ಹತ್ರಾನೇ ಇರ್ಲಿ ಅಕ್ಕಾ. ಯಾರ ಕೈಗೂ ಕೊಡಬೇಡಿ. ಅವಳ ದೊಡ್ಡಪ್ಪ ಬಂದ್ರೂ ಕೊಡಬೇಡಿ."

"ಆಯ್ತಮ್ಮ, ಕೊಡಲ್ಲ," ಎಂದಳು ವ್ಯಾನ್ ಆಂಟಿ. ಯಾಕೆ ಅಂತ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಹಾಗೆ ನೋಡಿದರೆ, ಆ ವಾರ ಅವಳ ಮನೆಯಲ್ಲಿ ಇನ್ನೊಂದು ಜೀವಕ್ಕೆ ಕಾಲೂರಲು ಜಾಗವಿರಲಿಲ್ಲ. ಮೊದಲ ಮಹಡಿಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ನಡುಮನೆ. ಮುಂಬಾಗಿಲ ಪಕ್ಕದ ಕಿಟಕಿಯಡಿ ಗಂಡನ ಗಡಿಯಾರ ರಿಪೇರಿಯ ಮೇಜು. ಅದರಾಚೆ ಅತ್ತೆಯ ಮಂಚ. ನಾದಿನಿಯ ಮನೆಯ ಅಡುಗೆಕೋಣೆಯನ್ನು ಒಡೆದು ಹೊಸದಾಗಿ ಕಟ್ಟಿಸುತ್ತಿದ್ದರಿಂದ ಗಂಡ ಹೆಂಡತಿ ಇಬ್ಬರದೂ ಆ ವಾರವೆಲ್ಲ ರಾತ್ರಿಯೂಟ ಇಲ್ಲೇ. ಇವೆಲ್ಲಕ್ಕೂ ಮಿಗಿಲಾಗಿ ಗುರುವಾರ ಸಂಜೆ ಮಗಳು ಒಪ್ಪಿದ ಹುಡುಗನ ತಂದೆತಾಯಿ ಮೊಟ್ಟಮೊದಲ ಸಲ ಊಟಕ್ಕೆ ಬರುವವರಿದ್ದರು. ಹುಡುಗನ ತಂದೆ ನಿವೃತ್ತ ಪೋಸ್ಟ್ ಮಾಸ್ತರು, ಬಲು ಶಿಸ್ತಿನ ಮನುಷ್ಯ. 'ಅಪ್ಪ ಒಪ್ಪಿದರೆ ಒಪ್ಪಿದ ಹಾಗೆ, ಇಲ್ಲ ಅಂದರೆ ಇಲ್ಲ' ಎಂದು ಹುಡುಗ ಮೊದಲೇ ಹೇಳಿಟ್ಟಿದ್ದ.

ಬಟಾಣಿಯ ಕೈಹಿಡಿದು ಒಳಗೆ ಬಂದ ಸೊಸೆಯನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಊರ ಉಸಾಬರಿಯೆಲ್ಲ ನಿನ್ನ ತಲೆಗೇ ಬರಬೇಕಾ? ಮಗೂಗೆ ನೆಂಟರು ಅಂತ ಯಾರೂ ಇಲ್ವಾ?"

"ಇದ್ದಾರೆ ಅತ್ತೆ. ಅವರಿಗೇ ಕೊಡಬೇಡ ಅಂದಿದ್ದಾಳೆ."

"ಯಾಕಂತೆ?"

"ಗೊತ್ತಿಲ್ಲ."

"ಚೆನ್ನಾಗಿದೆ," ಎಂದ ಅತ್ತೆ, ತಮ್ಮ ಮಂಚದ ಗೋಡೆಯ ಬದಿಗೆ ಸರಿದು ಒಂದು ದಿಂಬಿನಷ್ಟು ಜಾಗ ಮಾಡಿದರು.

ಮಂಗಳವಾರ ಬೆಳಗ್ಗೆ ಆಸ್ಪತ್ರೆಯಿಂದ ಬಂದ ಸುದ್ದಿ ಅಷ್ಟೇನೂ ಚೆನ್ನಾಗಿರಲಿಲ್ಲ. ಆಪರೇಷನ್ ಆಗಿದೆ, ಆದರೆ ಕೀವು ಒಳಗೆಲ್ಲ ಹರಡಿತ್ತು. ಜ್ವರ ಇಳಿದಿಲ್ಲ, ಮಾತಾಡಿಸಲು ಬಿಡುವುದಿಲ್ಲ. ವ್ಯಾನ್ ಆಂಟಿ ಬೆಳಗಿನ ಟ್ರಿಪ್ ಮುಗಿಸಿ ಆಸ್ಪತ್ರೆಗೆ ಓಡಿದಳು, ಗಾಜಿನಾಚೆಯಿಂದ ನೋಡಿ ಬಂದಳು, ಮಾರ್ಕೆಟ್ಟಿಗೆ ಹೋದಳು, ಮಧ್ಯಾಹ್ನದ ಟ್ರಿಪ್ ಮಾಡಿದಳು. ಸಂಜೆ ನಾದಿನಿ ದಂಪತಿಗಳಿಗೆ ಅನ್ನ ಬಡಿಸುತ್ತಿರುವಾಗ ಫೋನು ಬಂತು. ಗಂಡಸಿನ ಧ್ವನಿ, ತುಂಬಾ ಮರ್ಯಾದೆಯ ಧ್ವನಿ.

"ನಾನು ಮಗೂನ ದೊಡ್ಡಪ್ಪ. ನೀವು ಮಾಡಿದ ಉಪಕಾರ ಮರೆಯೋದಿಲ್ಲ. ನಾಳೆ ಬಂದು ಕರಕೊಂಡು ಹೋಗ್ತೀನಿ. ನಿಮಗ್ಯಾಕೆ ತೊಂದರೆ?"

"ತೊಂದರೆ ಏನಿಲ್ಲ ಸಾರ್. ಅವಳ ತಾಯಿ ಹೇಳಿದ ದಿನ ಕಳಿಸಿಕೊಡ್ತೀನಿ."

"ನಾನು ಅವಳ ರಕ್ತಸಂಬಂಧಿ. ನೀವು ವ್ಯಾನ್ ಡ್ರೈವರ್," ಎಂದಿತು ಆ ಧ್ವನಿ. ಮರ್ಯಾದೆ ಮಾತ್ರ ಹಾಗೇ ಇತ್ತು.

ಫೋನಿಟ್ಟ ಗಡಿಬಿಡಿಯಲ್ಲಿ ನಾದಿನಿಗೆ, "ಗುರುವಾರ ಒಂದು ದಿನ ನೀವು ಹೊರಗೆ ಊಟ ಮಾಡ್ಕೊಂಡುಬಿಡಿ," ಎಂದುಬಿಟ್ಟಳು. ನಾದಿನಿ ಎರಡನೇ ಸಲ ಅನ್ನ ಬೇಡವೆಂದು ಕೈ ಅಡ್ಡ ಹಿಡಿದು, "ನಾವು ಪರಕೀಯರು ಬಿಡು," ಎಂದು ಮುಖ ಊದಿಸಿಕೊಂಡಳು. ನಾದಿನಿಯ ಗಂಡ ಪಾಪ, ಬಡಿಸಿದ್ದನ್ನೆಲ್ಲ ಸದ್ದಿಲ್ಲದೆ ತಿಂದು ಮುಗಿಸಿದ.

ಬುಧವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರಿನ ಮರದಡಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಬೇಕರಿಯ ಪೊಟ್ಟಣ. ಯಾರೆಂದು ಹೇಳದೆಯೇ ವ್ಯಾನ್ ಆಂಟಿಗೆ ಗೊತ್ತಾಯಿತು. ಮಕ್ಕಳನ್ನು ಹತ್ತಿಸಿಕೊಂಡವಳೇ ಹಿಂದಿನ ಗೇಟಿನಿಂದ ವ್ಯಾನನ್ನು ಹೊರಗೆ ತಂದು ತಿರುವಿನಲ್ಲಿ ಗೇರು ಬದಲಿಸಿದಳು. ಆಗ ಹಿಂದಿನ ಕಿಟಕಿಯಿಂದ ಬಟಾಣಿಯ ಕೂಗು ಕೇಳಿತು.

"ದೊಡ್ಡಪ್ಪ ಅಲ್ಲಿದ್ದಾರೆ! ಆಂಟಿ, ನಿಲ್ಸಿ, ದೊಡ್ಡಪ್ಪ!"

ಕೂಗಿನಲ್ಲಿ ಹೆದರಿಕೆ ಇರಲಿಲ್ಲ, ಖುಷಿ ಇತ್ತು. ವ್ಯಾನ್ ಆಂಟಿ ನಿಲ್ಲಿಸಲಿಲ್ಲ.

ಕೊನೆಗೆ ಇಬ್ಬರೇ ಉಳಿದಾಗ ಬಟಾಣಿ ಕೇಳಿದಳು: "ದೊಡ್ಡಪ್ಪ ಕೆಟ್ಟವರಾ ಆಂಟಿ?"

"ನಿನಗೇನನ್ಸುತ್ತೆ?"

"ಅವರ ಮನೇಲಿ ನಾಯಿ ಇದೆ. ನನಗೆ ಮಲಗೋಕೆ ಬೇರೆ ರೂಮಿದೆ. ಗೋಡೆ ತುಂಬ ನಮ್ಮಪ್ಪನ ಫೋಟೋ ಇದೆ."

ವ್ಯಾನ್ ಆಂಟಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಮಗುವನ್ನು ಪ್ರೀತಿಸುವ ಮನುಷ್ಯನಿಂದ ಮಗುವನ್ನು ಬಚ್ಚಿಡುತ್ತಿದ್ದೇನೆಯೇ? ಜ್ವರದ ತಾಪಕ್ಕೆ ತಾಯಿ ಏನೋ ಬಡಬಡಿಸಿದ್ದನ್ನೇ ಗಂಟುಹಾಕಿಕೊಂಡು ಕೂತಿದ್ದೇನೆಯೇ? ಮನೆಗೆ ಬಂದು ಗಂಡನಿಗೆ ಹೇಳಿದಳು. ಆತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಕೈಯಲ್ಲಿಟ್ಟುಕೊಂಡ.

"ನೀನು ಮಾತು ಕೊಟ್ಟಿದ್ದು ಯಾರಿಗೆ?"

"ಅವಳಮ್ಮಂಗೆ."

"ಹಾಗಾದ್ರೆ ಅವಳು ಬಾಯಿಬಿಟ್ಟು ಬೇರೆ ಹೇಳೋವರೆಗೂ ಅದೇ ಮಾತು. ಆದ್ರೆ ನಾಳೆ ಆ ಮನುಷ್ಯ ಇಲ್ಲಿಗೆ ಬರದೇ ಇರಲಿ."

ಗುರುವಾರ ಸಂಜೆ ಆರಕ್ಕೆಲ್ಲ ಆಸ್ಪತ್ರೆಯಿಂದ ಒಳ್ಳೆಯ ಸುದ್ದಿ ಬಂತು. ಜ್ವರ ಇಳಿದಿತ್ತು, ವಾರ್ಡಿಗೆ ಹಾಕಿದ್ದರು, ಎಂಟರವರೆಗೂ ಒಳಗೆ ಬಿಡುತ್ತಾರಂತೆ. ಊಟ ಮುಗಿಸಿಯೇ ಹೋಗಿಬರಲು ಹೊತ್ತು ಸಾಲದು, ನಾಳೆ ನೋಡೋಣ ಎಂದುಕೊಂಡಳು. ಆರೂವರೆಗೆ ಸರಿಯಾಗಿ, ಒಂದು ನಿಮಿಷ ಹಿಂದೆಮುಂದಾಗದೆ, ಪೋಸ್ಟ್ ಮಾಸ್ತರು ಹೆಂಡತಿ ಮಗನೊಂದಿಗೆ ಬಂದರು. ಬಂದವರೇ ಗೋಡೆಯ ಮೇಲಿದ್ದ ಏಳು ಗಡಿಯಾರಗಳನ್ನು ನೋಡಿ, "ಇವುಗಳಲ್ಲಿ ಸರಿಯಾದ ಟೈಮ್ ಯಾವುದು?" ಎಂದರು. ಗಂಡ, "ರಿಪೇರಿಗೆ ಬಂದವು ಸಾರ್, ಒಂದೂ ಅಲ್ಲ," ಎಂದ. ಮಾಸ್ತರು ನಗಲಿಲ್ಲ. ಮಗಳು ತುಟಿ ಕಚ್ಚಿಕೊಂಡಳು.

ತಟ್ಟೆಗೆ ಅನ್ನ ಬಿದ್ದು, ಎಲ್ಲರೂ ಮೊದಲ ತುತ್ತು ಎತ್ತಿದ್ದರಷ್ಟೇ. ಬಾಗಿಲು ಬಡಿದ ಸದ್ದು.

ದೊಡ್ಡಪ್ಪನೇ. ಈ ಸಲ ಪೊಟ್ಟಣವಿರಲಿಲ್ಲ.

"ನಾಲ್ಕು ಜನರ ಮುಂದೆ ಕೇಳ್ತಿದ್ದೀನಿ," ಎಂದ ಅವನು ಹೊಸ್ತಿಲಲ್ಲೇ ನಿಂತು. "ನನ್ನ ತಮ್ಮನ ಮಗಳನ್ನ ಯಾವ ಅಧಿಕಾರದ ಮೇಲೆ ಇಟ್ಕೊಂಡಿದ್ದೀರಿ? ನಿನ್ನೆ ನನ್ನ ಕಣ್ಣೆದುರೇ ವ್ಯಾನ್ ತಿರುಗಿಸ್ಕೊಂಡು ಓಡಿದ್ರಿ. ಇದಕ್ಕೆ ಏನಂತಾರೆ?"

ಪೋಸ್ಟ್ ಮಾಸ್ತರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಏನಮ್ಮಾ ಇದು? ಯಾರ ಮಗು?"

ನಾಲ್ಕು ಮಾತಿನಲ್ಲಿ ಹೇಳಿದಳು. ಮಾಸ್ತರು ಹುಬ್ಬುಗಂಟಿಕ್ಕಿದರು. "ಕಾಗದ ಪತ್ರ ಏನಾದ್ರೂ ಇದೆಯಾ?"

"ಇಲ್ಲ ಸಾರ್. ಬಾಯಿಮಾತು."

"ಹಾಗಿದ್ರೆ ಇವರಿಗೇ ಒಪ್ಪಿಸೋದು ಒಳ್ಳೇದು. ನಾಳೆ ಹೆಚ್ಚುಕಮ್ಮಿಯಾದ್ರೆ ನಿಮ್ಮ ತಲೆಗೆ ಬರುತ್ತೆ."

ಮಗಳು ಅಮ್ಮನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇತ್ತು. ಅಷ್ಟರಲ್ಲಿ ಧ್ವನಿ ಕೇಳಿ ಒಳಕೋಣೆಯಿಂದ ಓಡಿಬಂದ ಬಟಾಣಿ ದೊಡ್ಡಪ್ಪನ ಕಾಲಿಗೆ ತೆಕ್ಕೆಬಿದ್ದಳು. ಅವನು ಅವಳನ್ನು ಎತ್ತಿಕೊಂಡ. ಅವಳ ಕೂದಲಿನಲ್ಲಿ ಮುಖವಿಟ್ಟು ಕಣ್ಣು ಮುಚ್ಚಿದ. ಅದು ನಾಟಕವಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. "ನೋಡಿದಿರಲ್ಲ," ಎಂದು ಹೇಳಿ ತಿರುಗಿದ. ಅವನಿಗೂ ಮೆಟ್ಟಿಲಿಗೂ ನಡುವೆ ಎರಡೇ ಹೆಜ್ಜೆ.

ವ್ಯಾನ್ ಆಂಟಿಗೆ ತಾನು ಎದ್ದದ್ದು, ಓಡಿದ್ದು ಯಾವುದೂ ಗೊತ್ತಾಗಲಿಲ್ಲ. ಎಂಜಲು ಕೈಯಲ್ಲೇ ಹೋಗಿ ಅವನ ಮುಂದೆ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಕಿರುಚಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಮಕ್ಕಳನ್ನು ವ್ಯಾನಿಗೆ ಹತ್ತಿಸುವಾಗಿನ ಸಾದಾ ಧ್ವನಿ.

"ಇವಳಮ್ಮನಿಗೆ ಎಚ್ಚರ ಆಗಿದೆ ಸಾರ್. ವಾರ್ಡಿಗೆ ಹಾಕಿದ್ದಾರೆ, ಎಂಟರವರೆಗೂ ಬಿಡ್ತಾರೆ. ವ್ಯಾನ್ ಕೆಳಗೇ ಇದೆ. ನೀವೂ ಬನ್ನಿ. ಅವಳು ನಿಮ್ಮ ಮುಖ ನೋಡಿ ಕರಕೊಂಡು ಹೋಗಿ ಅಂದ್ರೆ, ಅಲ್ಲಿಂದಲೇ ಕರಕೊಂಡು ಹೋಗಿ. ನಾನು ಒಂದು ಮಾತಾಡಲ್ಲ."

ಅವನು ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡ.

"ಅಮ್ಮನ್ನ ನೋಡೋಕಾ?" ಎಂದಳು ಬಟಾಣಿ. ಅವನ ಕೊರಳನ್ನು ಎರಡೂ ಕೈಯಿಂದ ತಬ್ಬಿದಳು. "ದೊಡ್ಡಪ್ಪ, ಹೋಗೋಣ. ಬಾ ದೊಡ್ಡಪ್ಪ. ಈಗಲೇ ಹೋಗೋಣ."

"ನಾಳೆ ಹೋಗೋಣ ಮರಿ."

"ಈಗ ಯಾಕೆ ಬೇಡ?"

ಅವನು ಗೋಡೆ ನೋಡಿದ, ನೆಲ ನೋಡಿದ. ಪೋಸ್ಟ್ ಮಾಸ್ತರು ಊಟದಿಂದ ಎದ್ದು ಬಾಗಿಲ ಬಳಿ ಬಂದರು. "ಹೌದು, ಈಗ ಯಾಕೆ ಬೇಡ?" ಎಂದು ಅವರೂ ಕೇಳಿದರು. "ನಾನೂ ಬರ್ತೀನಿ. ಸಾಕ್ಷಿಗೆ ಒಬ್ಬರು ಇರಲಿ."

"ಅವಳ ಮುಂದೆ ನಾನು ಹೋಗಲ್ಲ," ಎಂದ ದೊಡ್ಡಪ್ಪ, ಯಾರಿಗೂ ಕೇಳಿಸಬಾರದೆಂಬಂತೆ ತಗ್ಗಿದ ಧ್ವನಿಯಲ್ಲಿ. ಬಟಾಣಿಯ ಕೈಗಳನ್ನು ಕೊರಳಿನಿಂದ ಒಂದೊಂದಾಗಿ ಬಿಡಿಸಿ ಅವಳನ್ನು ಕೆಳಗಿಳಿಸಿದ. ಮೆಟ್ಟಿಲಿಳಿಯುವಾಗ ಮಾತ್ರ, "ಇದನ್ನ ಇಲ್ಲಿಗೇ ಬಿಡೋದಿಲ್ಲ," ಎಂದ.

ಬಿಡಲೂ ಇಲ್ಲ. ಶುಕ್ರವಾರ ಬೆಳಗ್ಗೆ ಶಾಲೆಗೆ ದೂರು ಹೋಗಿತ್ತು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರೇ, ಆದರೆ ತಾಯಿಯ ಬರಹ ತರುವವರೆಗೆ ವ್ಯಾನು ಗೇಟಿನೊಳಗೆ ಬರುವಂತಿಲ್ಲ ಎಂದುಬಿಟ್ಟರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮಕ್ಕಳು ಬೇರೆ ವ್ಯಾನು ಹತ್ತಿದ್ದನ್ನು ಅವಳು ರಸ್ತೆಯಾಚೆ ನಿಂತು ನೋಡಿದಳು. ಸುದ್ದಿಗೆ ಕಾಲು ಬಂದಿತ್ತು. ಸಂಜೆಯೊಳಗೆ ಎರಡು ಮನೆಯವರು ಫೋನ್ ಮಾಡಿ, ಇನ್ನು ಮುಂದೆ ತಮ್ಮ ಮಕ್ಕಳು ಬರುವುದಿಲ್ಲ ಎಂದರು. ಹಿಂದಿನ ರಾತ್ರಿ ಊಟ ಮುಗಿಸದೆಯೇ ಹೊರಟುಹೋಗಿದ್ದ ಹುಡುಗನ ಮನೆಯವರಿಂದ ಮಾತ್ರ ಫೋನಿಲ್ಲ, ಸುದ್ದಿಯಿಲ್ಲ. ಮಗಳು ಸದ್ದಿಲ್ಲದೆ ಪಾತ್ರೆ ತೊಳೆದಳು. ಅವಳು ಬೈದಿದ್ದರೂ ಚೆನ್ನಾಗಿರುತ್ತಿತ್ತು ಅನಿಸಿತು ವ್ಯಾನ್ ಆಂಟಿಗೆ.

ಹಿಂದಿನ ರಾತ್ರಿ ಹೊತ್ತು ಮೀರಿ ಹೋಗಲಾಗಿರಲಿಲ್ಲ; ಅಂದು ಸಂಜೆ ಬಟಾಣಿಯನ್ನು ಕರೆದುಕೊಂಡು ವಾರ್ಡಿಗೆ ಹೋದಳು. ಮಗು ತಾಯಿಯ ಪಕ್ಕದಲ್ಲಿ, ಟ್ಯೂಬು ತಾಗದಂತೆ ಉಸಿರು ಬಿಗಿಹಿಡಿದು ಮಲಗಿತು. ಆಗ ತಾಯಿ ನಡೆದದ್ದನ್ನು ಹೇಳಿದಳು. ಗಂಡ ಸತ್ತ ಹೊಸದರಲ್ಲಿ ಭಾವ ಮಗುವನ್ನು ಎರಡು ದಿನಕ್ಕೆಂದು ಕರೆದೊಯ್ದು ಎರಡು ತಿಂಗಳು ಕಳಿಸಲಿಲ್ಲ. ಹೋದಾಗಲೆಲ್ಲ ಬಾಗಿಲು ತೆರೆಯಲಿಲ್ಲ. ನಿನ್ನಮ್ಮನಿಗೆ ನೀನು ಬೇಡವಂತೆ ಎಂದು ಮಗುವಿಗೆ ಹೇಳಿದ್ದರು. ಕೊನೆಗೆ ಪೊಲೀಸರನ್ನು ಕರೆದುಕೊಂಡು ಹೋಗಿ ಬಿಡಿಸಿಕೊಂಡು ಬಂದಿದ್ದಳು.

"ಕೆಟ್ಟವರಲ್ಲ ಅಕ್ಕಾ. ಮಕ್ಕಳಿಲ್ಲ ಅವರಿಗೆ. ಇವಳ ಮುಖದಲ್ಲಿ ತಮ್ಮನ್ನ ಕಾಣ್ತಾರೆ. ಆದ್ರೆ ನನ್ನ ಕಂಡ್ರೆ ಆ ತಮ್ಮ ಸತ್ತಿದ್ದು ನನ್ನಿಂದಲೇ ಅನ್ನೋ ಹಾಗೆ ನೋಡ್ತಾರೆ."

ನರ್ಸಿನಿಂದ ಹಾಳೆ ಇಸಿದುಕೊಂಡು ಎರಡು ಸಾಲು ಬರೆದುಕೊಟ್ಟಳು. ಅಕ್ಷರ ಸೊಟ್ಟಗಿದ್ದವು, ಸಹಿ ಗೆರೆಯಿಂದ ಕೆಳಕ್ಕಿಳಿದಿತ್ತು. ಶನಿವಾರ ಆ ಹಾಳೆ ನೋಡಿದ ಮೇಲೆ ವ್ಯಾನು ಗೇಟಿನೊಳಗೆ ಹೋಯಿತು.

ಭಾನುವಾರ ಆಸ್ಪತ್ರೆಯವರು ತಾಯಿಯನ್ನು ಬಿಟ್ಟರು. ಇನ್ನೂ ನಡೆದಾಡುವ ಶಕ್ತಿ ಇರಲಿಲ್ಲವಾದ್ದರಿಂದ ನೇರ ವ್ಯಾನ್ ಆಂಟಿಯ ಮನೆಗೇ ಬಂದಳು. ಅಂದು ಮನೆತುಂಬ ಜನ. ಮುನಿಸು ಮರೆತ ನಾದಿನಿ ತಾನೇ ಒಲೆಯ ಮುಂದೆ ನಿಂತಿದ್ದಳು. ತನ್ನ ಹೊಸ ಅಡುಗೆಕೋಣೆಗೆ ಇನ್ನೂ ಬಾಗಿಲು ಕೂರಿಸಿಲ್ಲವೆಂದು ನಡುನಡುವೆ ಗೊಣಗುತ್ತಿದ್ದಳು. ಹನ್ನೆರಡರ ಸುಮಾರಿಗೆ ಪೋಸ್ಟ್ ಮಾಸ್ತರು ಒಬ್ಬರೇ, ಹೇಳದೆ ಕೇಳದೆ ಬಂದರು. ಮಗಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಅವತ್ತು ಊಟ ಅರ್ಧಕ್ಕೆ ಬಿಟ್ಟಿದ್ದೆ," ಎಂದರು ಅವರು. "ಬರಹದಲ್ಲಿ ಇಲ್ಲದ್ದನ್ನ ನಂಬಬಾರದು ಅಂತ ಮೂವತ್ತೈದು ವರ್ಷ ಕೆಲಸ ಮಾಡಿದವನು ನಾನು. ಮೂರು ದಿನ ಯೋಚನೆ ಮಾಡಿದೆ. ನಿಮ್ಮ ಮನೆಯ ಬಾಯಿಮಾತು ಸಾಕು."

ಸಂಜೆ ದೊಡ್ಡಪ್ಪನೂ ಬಂದ. ಈ ಬಾರಿ ಕೆಳಗಿನ ರಸ್ತೆಯಲ್ಲೇ ನಿಂತು ಹೇಳಿಕಳಿಸಿದ. ತಾಯಿ ಗೋಡೆ ಹಿಡಿದುಕೊಂಡು ಕಿಟಕಿಗೆ ಬಂದಳು. ಅವನನ್ನು ಕಂಡು, "ಮೇಲೆ ಬನ್ನಿ ಭಾವ. ನಾನು ಇಲ್ಲೇ ಇರ್ತೀನಿ, ನೀವು ಅವಳ ಜೊತೆ ಕೂತು ಮಾತಾಡಿ," ಎಂದಳು. ಅವನು ಬಂದ. ಅರ್ಧ ಗಂಟೆ ಇದ್ದ. ತಮ್ಮನ ಹೆಂಡತಿಯ ಮುಖವನ್ನು ಮಾತ್ರ ಒಮ್ಮೆಯೂ ನೇರವಾಗಿ ನೋಡಲಿಲ್ಲ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಬರುವುದು, ತಾಯಿಯ ಎದುರೇ ಮಗುವನ್ನು ನೋಡಿ ಹೋಗುವುದು ಎಂದಾಯಿತು. ಅವರ ನಡುವೆ ಅದಕ್ಕಿಂತ ಹೆಚ್ಚಿನ ರಾಜಿ ಆಗಲಿಲ್ಲ.

ಬಟಾಣಿಯೂ ಅವಳ ತಾಯಿಯೂ ಇನ್ನೂ ಹನ್ನೆರಡು ದಿನ ಅಲ್ಲೇ ಇದ್ದರು. ಆ ವರ್ಷವೆಲ್ಲ ವ್ಯಾನಿನ ಎರಡು ಸೀಟು ಖಾಲಿಯಾಗಿಯೇ ಓಡಿದವು, ಬಿಟ್ಟುಹೋದವರು ಮರಳಲಿಲ್ಲ. ವ್ಯಾನ್ ಆಂಟಿಯ ಮಗಳ ಮದುವೆ ಐದು ತಿಂಗಳಿಗೆ ನಡೆಯಿತು.